ಯಾಕೂತನ ಸಲಾಮು

ನಮ್ಮೂರು ಊಲಾದ್ ಮಿಸ್ಬಾಹ್‌ನಲ್ಲಿ ಬೂಶ್ತಾನಿಗೆ ಯಾರಾದರೂ ತಾವಾಗಿಯೇ ಸಲಾಮು ಹೇಳಿದ್ದು ನನಗೆ ನೆನಪಿಲ್ಲ. ಅದು ಅಗೌರವದಿಂದಲ್ಲ. ಬೆಳಿಗ್ಗೆ ಅವನ ಅಂಗಡಿಗೆ ಬರುವವರ ಕಣ್ಣೆಲ್ಲ ಬಾಣಲೆಯ ಮೇಲೇ ಇರುತ್ತಿತ್ತು; ಬಾಣಲೆಯ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆಂಬುದು ಚಿಲ್ಲರೆ ಕೇಳುವಾಗ ಮಾತ್ರ ಅವರಿಗೆ ಹೊಳೆಯುತ್ತಿತ್ತು. ಹುಳಿ ಬಂದ ಹಿಟ್ಟನ್ನು ಹಿಡಿದು, ನಡುವೆ ಹೆಬ್ಬೆರಳಿಂದ ತೂತು ಮಾಡಿ, ಬಳೆಯಂತೆ ತಿರುವಿ ಎಣ್ಣೆಗೆ ಬಿಡುವುದು, ಉಬ್ಬಿ ಕೆಂಪಗಾದ ಸ್ಫೆಂಜನ್ನು ಕೊಕ್ಕೆಯಿಂದೆತ್ತಿ ಖರ್ಜೂರದ ಗರಿಯ ದಾರಕ್ಕೆ ಪೋಣಿಸಿ ಗಿರಾಕಿಯ ಕೈಗೆ ಕೊಡುವುದು, ಇದು ಅವನ ಕಸುಬು. ಅವನಪ್ಪನದೂ ಅದೇ ಕಸುಬು, ಅದೇ ಬಾಣಲೆ.

ನಾನು ಎದುರಂಗಡಿಯ ಕ್ಷೌರಿಕ. ನನ್ನ ಕನ್ನಡಿಯಲ್ಲಿ ಗಿರಾಕಿಯ ಕಿವಿಯ ಪಕ್ಕದಲ್ಲೇ ಬೂಶ್ತಾನ ಬಾಣಲೆ ಕಾಣುತ್ತದೆ. ಆದ್ದರಿಂದ ಈ ಕಥೆಯಲ್ಲಿ ಬಹುಪಾಲು ನಾನೇ ಕಂಡದ್ದು. ಕಾಣದ್ದನ್ನು ನನ್ನ ಕುರ್ಚಿಯಲ್ಲಿ ಕೂತವರು ಹೇಳಿದ್ದಾರೆ. ಕುತ್ತಿಗೆಯ ಮೇಲೆ ಕತ್ತಿಯಿರುವಾಗ ಜನ ಸುಳ್ಳು ಹೇಳುವುದು ಕಡಿಮೆ.

ಬೂಶ್ತಾನ ಸೋದರಮಾವ ದೊಡ್ಡ ಸವಾರ. ಹಬ್ಬದ ಬಯಲಲ್ಲಿ ಕುದುರೆಗಳನ್ನು ಒಂದೇ ಸಾಲಿನಲ್ಲಿ ಓಡಿಸಿ, ಎಲ್ಲರೂ ಒಂದೇ ಸದ್ದಿಗೆ ಕೋವಿ ಹಾರಿಸುವ ತಂಡಕ್ಕೆ ಮುಖಂಡನಾಗಿದ್ದವನು. ಮಕ್ಕಳಿಲ್ಲದ ಆ ಮನುಷ್ಯ ತೀರಿಕೊಂಡಾಗ ಮನೆ ಒಬ್ಬರ ಪಾಲಾಯಿತು, ಹೊಲ ಇನ್ನೊಬ್ಬರ ಪಾಲಾಯಿತು, ಬೂಶ್ತಾನ ಪಾಲಿಗೆ ಕುದುರೆ ಬಂತು. ಬೂದುಬಣ್ಣದ, ಅಗಲ ಎದೆಯ, ತುಂಬು ಜೂಲಿನ ಗಂಡು ಕುದುರೆ. ಹೆಸರು ಯಾಕೂತ್.

ಸುದ್ದಿ ಕೇಳಿ ಮೊದಲು ನಕ್ಕವನು ಬೂಶ್ತಾನ ಹೆಂಡತಿಯ ತಮ್ಮ ಮಾಟಿ. ಅವನದು ಹಾಲಿನ ವ್ಯಾಪಾರ. ಅವನ ಹಾಲು ಎಷ್ಟು ತಿಳಿಯೆಂದರೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಮಾಡಿಕೊಳ್ಳಬಹುದು.

"ಭಾವ, ನೀನು ಕತ್ತೆ ಮೇಲೆ ಕೂತ್ರೂ ಅದರ ಕುತ್ತಿಗೆ ತಬ್ಕೊಂಡಿರ್ತೀಯ. ಕುದುರೆ ತಗೊಂಡು ಏನ್ಮಾಡ್ತೀಯ?" ಅಂದ ಮಾಟಿ.

"ನೋಡ್ತೀನಿ" ಎಂದ ಬೂಶ್ತಾ. ಅವನಿಗೂ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ.

ಮನೆಯ ಹಿಂದೆ ಸೌದೆ ತುಂಬಿದ್ದ ಕೊಟ್ಟಿಗೆಯನ್ನು ಖಾಲಿ ಮಾಡಿ ಯಾಕೂತನನ್ನು ಕಟ್ಟಿದರು. ಮರುದಿನ ಬೆಳಿಗ್ಗೆ ಬೂಶ್ತಾ ಹಿಂದಿನ ದಿನ ಮಾರಾಟವಾಗದೆ ಉಳಿದ ಸ್ಫೆಂಜ್ ಮಾಲೆಯನ್ನು ಕೈಯಲ್ಲಿ ಹಿಡಿದು ಕೊಟ್ಟಿಗೆಯ ಬಾಗಿಲು ತೆಗೆದ. ಕುದುರೆ ಅವನನ್ನು ನೋಡಿತು. ಮೆಲ್ಲಗೆ ಮುಂಗಾಲುಗಳೆರಡನ್ನೂ ಮುಂದಕ್ಕೆ ಚಾಚಿತು. ಎದೆ ನೆಲದ ಹತ್ತಿರ ಬರುವವರೆಗೂ ತಗ್ಗಿತು, ಕತ್ತು ಬಾಗಿತು, ಹಿಂಭಾಗ ಮಾತ್ರ ಮೇಲೆ ನಿಂತಿತು. ಬೂಶ್ತಾ ತನ್ನ ಹಿಂದೆ ಯಾರಾದರೂ ದೊಡ್ಡವರು ನಿಂತಿರಬಹುದೆಂದು ತಿರುಗಿ ನೋಡಿದ. ಅಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಟ್ಟರೆ ಏನೂ ಇರಲಿಲ್ಲ.

"ವ ಅಲೈಕುಂ ಸಲಾಂ" ಎಂದ ಬೂಶ್ತಾ. ಕೈಯಲ್ಲಿದ್ದ ಸ್ಫೆಂಜನ್ನೆಲ್ಲ ಕುದುರೆಗೆ ತಿನ್ನಿಸಿದ.

ಅಂದು ಬೆಳಿಗ್ಗೆ ಅವನ ಬಾಣಲೆಯಲ್ಲಿ ಮೊದಲ ಒಬ್ಬೆಯೆಲ್ಲ ಕರಕಲಾಯಿತು. ಸಾಲಿನಲ್ಲಿ ಮುಂದಿದ್ದವನು ಹಮ್ಮಾದಿ, ನಮ್ಮ ಕೇರಿಯ ಮೊಕದ್ದಮ. ಯಾರ ಮನೆಯ ಮಡಕೆಯಲ್ಲಿ ಏನು ಬೇಯುತ್ತಿದೆ ಎಂದು ಮೇಲಿನವರಿಗೆ ವರದಿ ಒಪ್ಪಿಸುವುದಕ್ಕೆ ಸರ್ಕಾರ ಇಟ್ಟುಕೊಂಡ ಮನುಷ್ಯ ಅವನು.

"ಏನಯ್ಯಾ ಬೂಶ್ತಾ, ಇದು ಸ್ಫೆಂಜೋ ಇದ್ದಿಲೋ?"

"ಕ್ಷಮಿಸಿ ಹಮ್ಮಾದಿಯವ್ರೇ. ಇವತ್ತು ನಂಗೆ ಒಂದು ಸಲಾಮು ಬಂತು. ಅದನ್ನೇ ಯೋಚಿಸ್ತಿದ್ದೆ."

"ಯಾರದು?"

"ಕುದುರೆಯದು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆದರೆ ನಕ್ಕು ಮುಗಿಸಿದವರು ಯಾರೂ ಮನೆಗೆ ಹೋಗಲಿಲ್ಲ. ಸ್ಫೆಂಜ್ ತಿನ್ನುತ್ತ ನೇರ ಕೊಟ್ಟಿಗೆಗೆ ನಡೆದರು. ಬೂಶ್ತಾ ಬಾಗಿಲು ತೆಗೆದ. ಯಾಕೂತ್ ತಲೆಯೆತ್ತಿ ನೋಡಿತು, ಕಾಲು ಚಾಚಿತು, ಬಾಗಿತು. ನಗು ನಿಂತಿತು. ಮೊಕದ್ದಮ ಹಮ್ಮಾದಿ ತನ್ನ ಟೋಪಿಯನ್ನು ನೇರ ಮಾಡಿಕೊಂಡ. ಸರ್ಕಾರಿ ಮನುಷ್ಯನಿಗೆ ಎಲ್ಲಿ ಮರ್ಯಾದೆ ನಡೆಯುತ್ತಿದೆ ಎಂದು ವಾಸನೆಯಿಂದಲೇ ತಿಳಿಯುತ್ತದೆ.

"ಪ್ರಾಣಿಗಳಿಗೆ ರಕ್ತದ ಗುರುತು ಸಿಗುತ್ತೆ ಅಂತಾರೆ" ಎಂದ ಅವನು. "ಬೂಶ್ತಾ, ನಿಮ್ಮ ಮನೆತನದಲ್ಲಿ ಯಾರಾದ್ರೂ ದೊಡ್ಡೋರು ಇದ್ರಾ?"

ಬೂಶ್ತಾ ಜೀವನದಲ್ಲಿ ಮೊದಲ ಬಾರಿಗೆ ತನ್ನ ಮನೆತನದ ಬಗ್ಗೆ ಯೋಚಿಸಿದ. ಮಧ್ಯಾಹ್ನದ ಹೊತ್ತಿಗೆ ಅವನ ಅಜ್ಜನ ಅಜ್ಜ ಯಾವುದೋ ಪುಣ್ಯಪುರುಷರ ವಂಶದವರಾಗಿದ್ದರು. ಸಂಜೆಗೆ ಅವರು ದಕ್ಷಿಣದ ಮರುಭೂಮಿಯಿಂದ ಬಿಳಿ ಕುದುರೆಯ ಮೇಲೆ ಬಂದದ್ದೂ ಆಯಿತು.

"ನಿಮ್ಮಜ್ಜ ಬಂದಿದ್ದು ಇದ್ದಿಲು ಮೂಟೆ ಹೊತ್ಕೊಂಡು" ಎಂದಳು ಹೆಂಡತಿ ತಾಮೂ, ರೊಟ್ಟಿ ತಟ್ಟುತ್ತ. "ನಮ್ಮತ್ತೆ ಹೇಳ್ತಿದ್ರು."

"ನಿಂಗೆ ಗೊತ್ತಾಗಲ್ಲ ಕಣೇ. ಕುದುರೆಗೆ ಗೊತ್ತಾಯ್ತು."

"ಹಾಗಾದ್ರೆ ರಾತ್ರಿ ಊಟಾನೂ ಅದೇ ಬೇಯಿಸಿ ಹಾಕಲಿ."

ಉನ್ನತ ವಂಶದವರನ್ನು ನಮ್ಮ ಕಡೆ ಮೌಲಾಯ್ ಎಂದು ಕರೆಯುತ್ತಾರೆ. ಬೂಶ್ತಾನನ್ನು ಹಾಗೆ ಕರೆಯಲು ಶುರು ಮಾಡಿದ್ದು ತಮಾಷೆಗೆ. "ಮೌಲಾಯ್ ಬೂಶ್ತಾ, ಎರಡು ಸ್ಫೆಂಜ್ ಕೊಡಿ, ಒಂದು ಮೆತ್ತಗಿರಲಿ." ವಾರ ಕಳೆಯುವಷ್ಟರಲ್ಲಿ ತಮಾಷೆ ಎಲ್ಲಿ ಮುಗಿಯಿತು, ಭಕ್ತಿ ಎಲ್ಲಿ ಶುರುವಾಯಿತು ಎಂದು ಕರೆಯುವವರಿಗೇ ತಿಳಿಯದಾಯಿತು. ಬೂಶ್ತಾ ಬಿಳಿ ಜಲ್ಲಾಬಾ ನಿಲುವಂಗಿ ತೊಟ್ಟು ಬಾಣಲೆಯ ಮುಂದೆ ನಿಲ್ಲತೊಡಗಿದ. ಎಣ್ಣೆ ಸಿಡಿದು ಅದು ಬೇಗನೆ ಚಿರತೆಯ ಚರ್ಮದಂತಾಯಿತು. ಯಾರಾದರೂ ಹಳೆಯ ಅಭ್ಯಾಸದಲ್ಲಿ "ಏ ಬೂಶ್ತಾ" ಎಂದರೆ ಅವನು ಕೇಳಿಸದವನಂತೆ ಎಣ್ಣೆಯನ್ನೇ ನೋಡುತ್ತಿದ್ದ.

ಕುದುರೆಗೆ ಈ ಮರ್ಯಾದೆಗೆ ತಕ್ಕ ಕಾಣಿಕೆಯೂ ಸಲ್ಲುತ್ತಿತ್ತು. ಬೂಶ್ತಾ ಉಳಿದದ್ದನ್ನು ಕೊಡುವುದನ್ನು ಬಿಟ್ಟು ಬಿಸಿಬಿಸಿಯದನ್ನೇ ಜೇನಿನಲ್ಲಿ ಅದ್ದಿ ಕೊಡತೊಡಗಿದ. ನೋಡಬಂದವರು ನೀಲಿ ಕಾಗದ ಸುತ್ತಿದ ಸಕ್ಕರೆಯ ದೊಡ್ಡ ಗೋಪುರಗಳನ್ನು ತಂದು, ಸುತ್ತಿಗೆಯಿಂದ ಒಡೆದು ತಿನ್ನಿಸಿದರು. ಖರ್ಜೂರ ತಂದರು. ಮದುವೆಯಲ್ಲಿ ಉಳಿದ ಬಾದಾಮಿ ಕಡುಬು ತಂದರು. ಯಾಕೂತ್ ತಿಂದಷ್ಟೂ ಬಾಗಿತು, ಬಾಗಿದಷ್ಟೂ ತಿನ್ನಿಸಿದರು. ಹಿಂದೆ ಬೆಳಿಗ್ಗೆ ಒಂದು ಸಲ ಬಾಗುತ್ತಿದ್ದದ್ದು ಈಗ ಮಧ್ಯಾಹ್ನವೂ ಬಾಗಿತು, ಸಂಜೆಯೂ ಬಾಗಿತು.

ಹೀಗಿರುವಾಗ ಒಂದು ದಿನ ಅದು ಮಾಟಿಗೆ ಬಾಗಿತು.

ಊರು ಕಂಗಾಲಾಯಿತು. ಹಾಲಿಗೆ ನೀರು ಬೆರೆಸುವವನಿಗೆ ಕುದುರೆ ಸಲಾಮು ಹೊಡೆಯುವುದೆಂದರೇನು? ಮಾಟಿ ಮಾತ್ರ ಗಾಬರಿಯಾಗಲಿಲ್ಲ. ಕ್ಯಾನು ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟು, "ನಮ್ಮಮ್ಮನ ಕಡೆಯೋರೂ ಸಾಮಾನ್ಯರಲ್ಲ. ನಾನೇ ಯಾರಿಗೂ ಹೇಳಿರಲಿಲ್ಲ" ಎಂದ. ಮಾರನೆಯ ದಿನ ಪಕ್ಕದ ಮನೆಯ ವಿಧವೆಯ ಮೇಕೆ ಕೊಟ್ಟಿಗೆಗೆ ನುಗ್ಗಿದಾಗ ಯಾಕೂತ್ ಅದಕ್ಕೂ ಬಾಗಿತು. ಮೇಕೆಯ ವಂಶಾವಳಿ ಯಾರಿಗೂ ತಿಳಿದಿರಲಿಲ್ಲ. ಆದರೂ ಅಂದು ಸಂಜೆ ಆ ವಿಧವೆ ಮೇಕೆಯನ್ನು ಬೀದಿಯಲ್ಲಿ ಕಟ್ಟುವುದನ್ನು ನಿಲ್ಲಿಸಿ ಒಳಗೆ ಚಾಪೆಯ ಮೇಲೆ ಕಟ್ಟಿದಳು.

ಈ ಇಕ್ಕಟ್ಟಿನಿಂದ ಬೂಶ್ತಾನ ಮಾನ ಉಳಿಸಿದವನು ಮೊಕದ್ದಮ. "ಇದು ವಂಶದ ಪ್ರಶ್ನೆ ಅಲ್ಲ, ಅದೃಷ್ಟದ ಪ್ರಶ್ನೆ" ಎಂದು ನನ್ನ ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟ. "ಯಾರಿಗೆ ಒಳ್ಳೇದಾಗುತ್ತೋ ಅವರಿಗೆ ಬಾಗುತ್ತೆ. ಮೌಲಾಯ್ ಬೂಶ್ತಾಗೆ ದಿನಾ ಬಾಗುತ್ತೆ, ಅಂದ್ರೆ ಅವರದು ದೊಡ್ಡ ಅದೃಷ್ಟ. ಮಾಟಿಗೆ ಒಂದು ಸಲ, ಚಿಕ್ಕ ಅದೃಷ್ಟ."

"ಮೇಕೆಗೆ?" ಎಂದೆ ನಾನು.

"ಬಕ್ರೀದಿನವರೆಗೂ ಬದುಕಿದ್ರೆ ಆಮೇಲೆ ಹೇಳ್ತೀನಿ."

ಅದೃಷ್ಟದ ಮಾತು ಎದ್ದದ್ದೇ ತಡ, ಮಾಟಿಗೆ ತನ್ನ ಮಗಳ ನೆನಪಾಯಿತು. ಹಸ್ನಾಳ ಮದುವೆ ಬಸ್ ಕಂಡಕ್ಟರ್ ರದ್ವಾನನ ಜೊತೆ ಗೊತ್ತಾಗಿತ್ತು. ನಗರಕ್ಕೆ ಹೋಗಿಬರುವ ಬಸ್ಸಿನ ಹಿಂಬಾಗಿಲಲ್ಲಿ ಒಂಟಿ ಕಾಲಲ್ಲಿ ನೇತಾಡುತ್ತ ಊರುಗಳ ಹೆಸರು ಕೂಗುವ, ಮೊಣಕೈ ಹರಿದ ಅಂಗಿಯ ಒಳ್ಳೆಯ ಹುಡುಗ. ಮಾಟಿ ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಕುದುರೆಯ ಮುಂದೆ ನಿಲ್ಲಿಸಿದ. ಯಾಕೂತ್ ಆಗ ಒಣಹುಲ್ಲು ಮೇಯುತ್ತಿತ್ತು. ರದ್ವಾನನನ್ನು ಒಮ್ಮೆ ಮೂಸಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಅವರು ಬಹಳ ಹೊತ್ತು ಕಾದರು. ಕುದುರೆ ಬಾಲ ಬೀಸಿತೇ ಹೊರತು ಬಾಗಲಿಲ್ಲ.

"ನೋಡಪ್ಪಾ," ಎಂದ ಮಾಟಿ, "ನನ್ನ ಕಡೆಯಿಂದ ಏನೂ ಅಡ್ಡಿಯಿಲ್ಲ. ಆದ್ರೆ ನೀನೇ ಕಣ್ಣಾರೆ ನೋಡ್ದೆ."

"ಏನು ನೋಡ್ದೆ, ಮಾವ? ಅದು ಹುಲ್ಲು ತಿಂತಿತ್ತು."

"ಅದೇ. ಮೇಕೆಗೆ ಸಲಾಮು ಮಾಡಿದ ಕುದುರೆ ನಿನ್ನ ಮುಂದೆ ಹುಲ್ಲು ತಿಂತು."

ಮದುವೆ ನಿಂತಿತು. ಮಾರನೆಯ ಬೆಳಿಗ್ಗೆ ಹಸ್ನಾ ಸ್ಫೆಂಜ್ ಅಂಗಡಿಯ ಮುಂದೆ, ಸಾಲಿನಲ್ಲಿದ್ದವರನ್ನೆಲ್ಲ ಮೊಣಕೈಯಿಂದ ಪಕ್ಕಕ್ಕೆ ಸರಿಸಿ ನಿಂತದ್ದು ನನ್ನ ಕನ್ನಡಿಯಲ್ಲಿ ಕಂಡಿತು.

"ಮಾವ, ನಿನ್ನ ಕುದುರೆ ನನ್ನ ಮದುವೆ ಮುರೀತು."

"ನಾನೇನು ಮಾಡ್ಲಮ್ಮಾ? ಅದು ಅದರ ಜ್ಞಾನ."

"ಬೆನ್ನ ಮೇಲೆ ನೊಣ ಕೂತ್ರೆ ಓಡಿಸೋಕೆ ಅದಕ್ಕೆ ಬಾಲ ಬೇಕು. ಅದು ನನ್ನ ಗಂಡನ್ನ ಆರಿಸುತ್ತಾ?"

ಬೂಶ್ತಾನ ಮುಖ ಸಣ್ಣದಾಯಿತು. ಅವನು ಕೆಟ್ಟ ಮನುಷ್ಯನಲ್ಲ. ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಆದರೆ ಕುದುರೆ ತಪ್ಪು ಎಂದು ಒಪ್ಪಿದರೆ ತನ್ನ ಸಲಾಮೂ ತಪ್ಪಾಗುತ್ತದೆ. ಅವನು ಒಂದು ಸ್ಫೆಂಜನ್ನು ಆರಿಸಿ, ಎಲ್ಲಕ್ಕಿಂತ ಚೆನ್ನಾಗಿ ಉಬ್ಬಿದ್ದನ್ನು, ಅವಳ ಮುಂದೆ ಹಿಡಿದ. ಅವಳು ಅದನ್ನು ತೆಗೆದುಕೊಳ್ಳದೆ ಹೋದಳು. ನಮ್ಮೂರಲ್ಲಿ ಬೂಶ್ತಾನ ಸ್ಫೆಂಜನ್ನು ಯಾರಾದರೂ ಬೇಡವೆಂದದ್ದು ಅದೇ ಮೊದಲು.

ಇಷ್ಟರಲ್ಲಿ ಹೊಸ ಕಾಯಿದ್ ಸಾಹೇಬರು ಬಂದರು. ಸುತ್ತಲಿನ ಹಳ್ಳಿಗಳಿಗೆಲ್ಲ ಸರ್ಕಾರವೆಂದರೆ ಅವರೇ. ಮೊಕದ್ದಮ ಹಮ್ಮಾದಿ ಅವರ ಕಿವಿಗೆ ಈ ಸುದ್ದಿ ಮುಟ್ಟಿಸಿದ, ಹೊಸ ಅಧಿಕಾರಿಯ ಮೊದಲ ಭೇಟಿ ನಮ್ಮ ಕೇರಿಗೇ ಎಂದು ಗೊತ್ತುಮಾಡಿದ. ಆ ಮೇಲೆ ಅವನಿಗೆ ನಿದ್ದೆ ಬರಲಿಲ್ಲ.

"ಮೌಲಾಯ್, ಒಂದು ವೇಳೆ ಬಾಗದೇ ಹೋದ್ರೆ?"

"ಬಾಗುತ್ತೆ."

"ಮೇಕೆಗೆ ಬಾಗಿದ್ದು ಕಾಯಿದ್ ಸಾಹೇಬರಿಗೆ ಬಾಗದಿದ್ರೆ ನನ್ನ ಕೆಲಸ ಹೋಗುತ್ತೆ, ನಿನ್ನ ಬಾಣಲೇನೂ ಹೋಗುತ್ತೆ. ಸಾಹೇಬರು ಮೇಕೆಗಿಂತ ಕಡಿಮೆ ಅಂತ ಬರವಣಿಗೆಯಲ್ಲಿ ಕೊಟ್ಟಹಾಗೆ."

ಬೂಶ್ತಾನಿಗೂ ಅಳುಕಾಯಿತು. ಅವನು ತನ್ನ ಅನುಭವವನ್ನೆಲ್ಲ ಒಟ್ಟುಗೂಡಿಸಿ ಒಂದು ಸಂಗತಿ ಕಂಡುಕೊಂಡಿದ್ದ: ಹೆಚ್ಚು ತಿಂದ ದಿನ ಕುದುರೆ ಹೆಚ್ಚು ಬಾಗುತ್ತದೆ. ಇದು ಕೃತಜ್ಞತೆಯ ಲಕ್ಷಣ ಎಂದು ಅವನ ಲೆಕ್ಕ. ಹಾಗಾಗಿ ಭೇಟಿಯ ದಿನ ಬೆಳಿಗ್ಗೆ ಅವನು ಅಂಗಡಿಗೆ ಬೀಗ ಹಾಕಿ, ಇಡೀ ಪರಾತದ ಹಿಟ್ಟನ್ನು ಕರಿದು, ಜೇನು ಸುರಿದು ಯಾಕೂತನ ಮುಂದಿಟ್ಟ. ಕುದುರೆ ಮೊದಲು ಉತ್ಸಾಹದಿಂದ ತಿಂದು, ಆಮೇಲೆ ಯೋಚಿಸುತ್ತ ತಿಂದು, ಕೊನೆಗೆ ಮುಖ ತಿರುಗಿಸಿತು. ಉಳಿದದ್ದನ್ನು ಬೂಶ್ತಾ ಗಾಬರಿಯಲ್ಲಿ ತಾನೇ ತಿಂದ. ಗಾಬರಿಯಾದವನಿಗೆ ಎಷ್ಟು ತಿಂದೆನೆಂದು ತಿಳಿಯುವುದಿಲ್ಲ.

ಅಂಗಳದಲ್ಲಿ ಕಂಬಳಿ ಹಾಸಿದರು. ತಾಮೂ ಹಾಲು, ಖರ್ಜೂರದ ತಟ್ಟೆ ಸಿದ್ಧ ಮಾಡಿದಳು. ಮಾಟಿ ಅಂದಿನ ಹಾಲಿಗೆ ನೀರು ಹಾಕಿರಲಿಲ್ಲ. ಅಷ್ಟರಮಟ್ಟಿಗೆ ಅದು ಐತಿಹಾಸಿಕ ದಿನ. ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಕಾಯಿದ್ ಸಾಹೇಬರು ಬಂದರು. ಎತ್ತರದ, ತೆಳ್ಳಗಿನ, ಕನ್ನಡಕದ ಮನುಷ್ಯ, ಇಸ್ತ್ರಿ ಗೆರೆ ಮುರಿಯದ ಸಮವಸ್ತ್ರ. ಊರೆಲ್ಲ ಅಂಗಳದ ಗೋಡೆ ಹತ್ತಿ ಕೂತಿತ್ತು. ಬೂಶ್ತಾ ಯಾಕೂತನನ್ನು ಕಂಬಳಿಯ ಮುಂದೆ ತಂದು ನಿಲ್ಲಿಸಿದ.

ಯಾಕೂತ್ ಕಾಯಿದರನ್ನು ನೋಡಲೂ ಇಲ್ಲ. ಮುಂಗಾಲು ಚಾಚಿ ಎದೆ ನೆಲಕ್ಕೆ ಮುಟ್ಟುವಷ್ಟು ಬಾಗಿತು.

ಗೋಡೆಯ ಮೇಲಿಂದ ನಿಟ್ಟುಸಿರು ಬಂತು. ಮೊಕದ್ದಮನ ಕಣ್ಣಲ್ಲಿ ನೀರು. ಕಾಯಿದ್ ಸಾಹೇಬರು ಮನಸ್ಸು ಕರಗಿ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಕುದುರೆ ಎದ್ದು ನಿಂತು ಮತ್ತೆ ಬಾಗಿತು. ಸಾಹೇಬರು ಸಂಸ್ಕಾರವಂತರು, ಸಲಾಮಿಗೆ ಪ್ರತಿಸಲಾಮು ಕೊಡದೆ ಹೇಗಿರುತ್ತಾರೆ? ಮತ್ತೆ ಬಾಗಿದರು. ಕುದುರೆ ಮತ್ತೆ ಬಾಗಿತು, ಈ ಸಲ ಸ್ವಲ್ಪ ನರಳಿತು ಕೂಡ. ಸಾಹೇಬರು ಬಾಗಿದಾಗಲೆಲ್ಲ ಅವರ ಹಿಂದಿದ್ದ ಗುಮಾಸ್ತರು, ಪೇದೆಗಳು, ಮೊಕದ್ದಮ, ಎಲ್ಲರೂ ಬಾಗಬೇಕಾಯಿತು. ಒಂದು ಕಡೆ ಒಂಟಿ ಕುದುರೆ, ಇನ್ನೊಂದು ಕಡೆ ಇಡೀ ಆಡಳಿತ, ಇಬ್ಬರೂ ಬಿಡದೆ ಒಬ್ಬರಿಗೊಬ್ಬರು ಸಲಾಮು ಮಾಡುತ್ತಿದ್ದ ಆ ದೃಶ್ಯವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಯಾರು ಮೊದಲು ನಿಲ್ಲಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಕುದುರೆಯೇ ನಿಲ್ಲಿಸಿತು. ಕಾಲು ಮಡಚಿ ಕಂಬಳಿಯ ಮೇಲೆ ಧೊಪ್ಪನೆ ಬಿದ್ದು, ಆ ಕಡೆ ಈ ಕಡೆ ಉರುಳಾಡಿತು.

"ನೋಡಿ ಸಾಹೇಬ್ರೇ," ಎಂದ ಮೊಕದ್ದಮ, ದನಿ ನಡುಗಿಸುತ್ತ, "ನಿಮ್ಮ ಕಾಲಿಗೇ ಬಿತ್ತು. ಇಂಥ ಭಾಗ್ಯ ಹಿಂದಿನ ಕಾಯಿದರಿಗೆ ಸಿಕ್ಕಿರಲಿಲ್ಲ."

ಅದೇ ಹೊತ್ತಿಗೆ ಬೂಶ್ತಾನ ಹಣೆಯಲ್ಲಿ ಬೆವರು ಮೂಡಿತು. ಅವನು ಹಗ್ಗ ಕೈಬಿಟ್ಟ. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ ಪಕ್ಕದ ಕಟ್ಟೆ ಹಿಡಿದು, ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ, ಹಾಗೇ ನಿಂತುಬಿಟ್ಟ. ಮೌಲಾಯ್ ತಾವೇ ಬಾಗಿದ್ದಾರೆ ಎಂದು ಪೇದೆಗಳು ಮತ್ತೊಮ್ಮೆ ಬಾಗಿದರು.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹಸ್ನಾ ಅವನನ್ನು ನೋಡಿದಳು, ಕುದುರೆಯನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಮಾವ, ನೀನು ಯಾರಿಗೆ ಸಲಾಮು ಮಾಡ್ತಿದ್ದೀಯ?"

"ಸಲಾಮಲ್ಲ ಕಣಮ್ಮಾ," ಎಂದ ಬೂಶ್ತಾ ಹಲ್ಲು ಕಚ್ಚಿ. "ಹೊಟ್ಟೆ. ಹೀಗೆ ಚಾಚಿದ್ರೆ ಸ್ವಲ್ಪ ಹಗುರ ಅನ್ಸುತ್ತೆ."

ಬೂಶ್ತಾ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡ. ಕಟ್ಟೆ ಹಿಡಿದ ಕೈ ಹಾಗೇ ಇರಲು, ತಲೆ ಮಾತ್ರ ತಿರುಗಿಸಿ ಯಾಕೂತನನ್ನು ನೋಡಿದ. ಕುದುರೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತಿತ್ತು. ಮೈಯೆಲ್ಲ ಬೆವರು.

"ಯಾ ಅಲ್ಲಾ" ಎಂದ ಬೂಶ್ತಾ. "ಇದಕ್ಕೂ ಹೊಟ್ಟೆ."

ಕಾಯಿದ್ ಸಾಹೇಬರು ಎದೆಯ ಮೇಲಿದ್ದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು. ಮೊಕದ್ದಮ ಬಾಯಿ ತೆರೆದ.

"ಸಾಹೇಬ್ರೇ, ಹೊಟ್ಟೆನೋವಲ್ಲೂ ನಿಮ್ಮನ್ನ ಗುರುತಿಸಿ..."

"ಹಮ್ಮಾದಿ," ಎಂದರು ಕಾಯಿದ್, "ಸುಮ್ನಿರು."

ಹಸ್ನಾ ಆಗಲೇ ತಟ್ಟೆ ಕೆಳಗಿಟ್ಟು ಫೋನು ಕಿವಿಗೆ ಹಿಡಿದಿದ್ದಳು. ರದ್ವಾನನ ಬಸ್ಸು ಆ ಹೊತ್ತಿಗೆ ನಗರದ ನಿಲ್ದಾಣದಲ್ಲಿ ಹೊರಡಲು ನಿಂತಿತ್ತು. "ಪಶುವೈದ್ಯರನ್ನ ಕರ್ಕೊಂಡು ಬಾ. ಯಾಕೆ, ಏನು ಅಂತ ಆಮೇಲೆ. ಹೌದು, ಅದೇ ಕುದುರೆಗೇ" ಎಂದಳು. ತನ್ನ ಮದುವೆ ಮುರಿದ ಪ್ರಾಣಿಯ ಜೀವ ಉಳಿಸಲು ಓಡು ಎಂದರೆ ಯಾರಿಗಾದರೂ ಒಂದು ಗಳಿಗೆ ಬೇಕು. ಆಮೇಲೆ "ಹೊರಟೆ" ಎಂದನಂತೆ.

ಆ ಬಸ್ಸು ಅಂದು ಎಲ್ಲೂ ನಿಲ್ಲಲಿಲ್ಲ. ದಾರಿಯ ಊರುಗಳಲ್ಲಿ ಇಳಿಯಬೇಕಾದವರು ಕಿಟಕಿಯಿಂದ ತಮ್ಮ ಮನೆಗಳು ಹಿಂದೆ ಸರಿಯುವುದನ್ನು ನೋಡುತ್ತ, ಕಂಡಕ್ಟರನ ಅಪ್ಪ, ಅಜ್ಜನನ್ನು ನೆನೆಯುತ್ತ ನಮ್ಮ ಕೇರಿಯವರೆಗೂ ಬಂದರು. ಬಸ್ಸು ನೇರವಾಗಿ ಬೂಶ್ತಾನ ಗೋಡೆಯ ಪಕ್ಕಕ್ಕೆ ಬಂದು ನಿಂತಿತು. ಹಿಂಬಾಗಿಲಿನಿಂದ ರದ್ವಾನ್ ಹಾರಿದ, ಅವನ ಹಿಂದೆ ಚೀಲ ಹಿಡಿದು ಡಾಕ್ಟರ್ ಬುಶ್ರಾ ಇಳಿದರು. ಗಿಡ್ಡ, ದಪ್ಪ ಬೂಟಿನ, ಯಾರ ಮುಖವನ್ನೂ ನೋಡದ ಹೆಂಗಸು. ಅವರು ಯಾಕೂತನ ಪಕ್ಕೆಗೆ ಸ್ಟೆತಸ್ಕೋಪು ಇಟ್ಟು ಆ ಕಡೆ ಕೇಳಿದರು, ಈ ಕಡೆ ಕೇಳಿದರು.

"ಏನು ತಿನ್ನಿಸಿದ್ರಿ?"

ಗೋಡೆಯ ಮೇಲಿಂದ ಒಂದು ದನಿ ಬಂತು, "ನಾನು ಒಂದೇ ಒಂದು ತುಂಡು ಸಕ್ಕರೆ." "ನಾನು ಸ್ವಲ್ಪ ಖರ್ಜೂರ." "ಬಾದಾಮಿ ಕಡುಬು ನಂದು, ಆದ್ರೆ ಚಿಕ್ಕದು." ಕೊನೆಗೆ ಬೂಶ್ತಾ ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ಕೂತಲ್ಲಿಂದಲೇ, "ಸ್ಫೆಂಜ್" ಎಂದ. "ಇವತ್ತು ಒಂದು ಪರಾತ. ಜೇನು ಹಾಕಿ."

ಡಾಕ್ಟರ್ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು. "ನೀವೂ ತಿಂದ್ರಾ?"

"ತಿಂದೆ."

"ನಿಮಗೆ ಆಮೇಲೆ ಬರ್ತೀನಿ."

ಸೂಜಿ ಚುಚ್ಚಿದರು. ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದರು. ಆ ಕೆಲಸದ ನಡುವೆ ಮೊಕದ್ದಮ ತಡೆಯಲಾರದೆ ಕೇಳಿದ, "ಡಾಕ್ಟ್ರಮ್ಮಾ, ಹಾಗಾದ್ರೆ ಕುದುರೆ ಬಾಗಿದ್ರೆ ಹೊಟ್ಟೆನೋವು ಅಂತಾನೇ ಅರ್ಥಾನಾ?"

"ಮಲಗಿ ಎದ್ದಾಗ ನೀನು ಮೈ ಮುರಿಯಲ್ವಾ? ಅದೂ ಮುರಿಯುತ್ತೆ. ಬೆನ್ನು ಹಿಡ್ಕೊಂಡ್ರೂ ಚಾಚುತ್ತೆ. ಉಚ್ಚೆ ಹೊಯ್ಯೋಕೆ ಮುಂಚೆಯೂ ಕಾಲು ಚಾಚಿ ನಿಲ್ಲುತ್ತೆ. ಕೆಲವರು ಹಾಗೆ ನಿಲ್ಲೋಕೆ ಕಲಿಸಿಯೂ ಇರ್ತಾರೆ. ದಿನಕ್ಕೊಂದು ಸಲ ಆದ್ರೆ ಯಾರೂ ತಲೆ ಕೆಡಿಸ್ಕೋಬೇಕಾಗಿಲ್ಲ. ಹೊತ್ತುಹೊತ್ತಿಗೆ ಮಾಡ್ತಿದ್ರೆ ಹೊಟ್ಟೆ ನೋಡಬೇಕು. ಇದು ಎಷ್ಟು ದಿನದಿಂದ ಮಾಡ್ತಿತ್ತು?"

ಇಡೀ ಊರು ನೆಲ ನೋಡಿತು.

"ಈಗ ನಡೆಸಿ" ಎಂದರು ಡಾಕ್ಟರ್. "ಮಲಗೋಕೆ ಬಿಡಬೇಡಿ. ಲದ್ದಿ ಹಾಕಿದ್ರೆ ಬದುಕಿತು ಅಂತ ತಿಳ್ಕೊಳ್ಳಿ."

ಬೂಶ್ತಾ ಎದ್ದ. ಅವನ ಹೊಟ್ಟೆಯೂ ಹಿಂಡುತ್ತಿತ್ತು, ಆದರೆ ಹಗ್ಗವನ್ನು ಬೇರೆಯವರಿಗೆ ಕೊಡಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಇಬ್ಬರೂ ಒಂದೇ ನಡಿಗೆಯಲ್ಲಿ, ಅಲ್ಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತ ನಡೆದರು. ನನ್ನ ಅಂಗಡಿಯ ಮುಂದೆ ಒಮ್ಮೆ ನಿಂತಾಗ ಅವನು ಕುದುರೆಯ ಜೂಲಿಗೆ ಹಣೆ ಒತ್ತಿ ಹೇಳಿದ್ದು ನನಗೆ ಕೇಳಿಸಿತು.

"ನೀನು ಹೊಟ್ಟೆ ಹೊಟ್ಟೆ ಅಂತ ಬಡ್ಕೊಂಡೆ. ನಂಗೆ ಮೌಲಾಯ್ ಮೌಲಾಯ್ ಅಂತ ಕೇಳಿಸ್ತು."

ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಅದರಲ್ಲಿ ಹೊಟ್ಟೆನೋವಿನ ಪಾಲು ಎಷ್ಟು ಎಂದು ಹೇಳಲಾರೆ. ನಾನು ಕನ್ನಡಿಯ ಕಡೆ ತಿರುಗಿದೆ.

ಕೊನೆಗೆ ಅವನ ಕಾಲು ತಡವರಿಸಿದಾಗ ಹಗ್ಗವನ್ನು ಮೆಲ್ಲಗೆ ಬಿಡಿಸಿಕೊಂಡವರು ಕಾಯಿದ್ ಸಾಹೇಬರು. ಕೋಟು ಕಳಚಿ ಮೊಕದ್ದಮನ ತೋಳಿನ ಮೇಲೆ ಹಾಕಿದ್ದರು. "ಇಷ್ಟು ಸಲ ಸಲಾಮು ತಗೊಂಡಿದೀನಿ. ಸ್ವಲ್ಪ ನಡೀತೀನಿ" ಎಂದರು. ಅವರ ನಂತರ ರದ್ವಾನ್ ನಡೆಸಿದ, ಆಮೇಲೆ ಮಾಟಿ. ಬಸ್ಸಿನಿಂದ ಇಳಿಯಲಾಗದೆ ಬಂದವರಲ್ಲೂ ಕೆಲವರು ಸಿಟ್ಟು ಮರೆತು ಜೊತೆಗೂಡಿದರು. ಉಳಿದವರೆಲ್ಲ ಬೀದಿಯ ಎರಡು ಬದಿಗೂ ಸಾಲಾಗಿ ನಿಂತು ಕುದುರೆಯ ಬಾಲವನ್ನೇ ನೋಡುತ್ತಿದ್ದರು. ಯಾವ ಚುನಾವಣೆಯ ಫಲಿತಾಂಶಕ್ಕೂ ನಮ್ಮೂರು ಹಾಗೆ ಕಾದದ್ದಿಲ್ಲ.

ಸೂರ್ಯ ಮಸೀದಿಯ ಗೋಪುರದ ಹಿಂದೆ ಇಳಿಯುವ ಹೊತ್ತಿಗೆ ಯಾಕೂತ್ ನಿಂತಿತು. ಬಾಲ ಎತ್ತಿತು.

"ಬಂತು" ಎಂದರು ಕಾಯಿದ್ ಸಾಹೇಬರು, ಅಧಿಕೃತವಾಗಿ.

ಮಹಡಿಗಳ ಮೇಲಿಂದ ಹೆಂಗಸರು ನಾಲಿಗೆ ಆಡಿಸಿ ಉಲುಲು ಎಂದು ಮಂಗಳಧ್ವನಿ ಮಾಡಿದರು. ಮದುವೆಯ ಮೆರವಣಿಗೆಗೂ ಅಷ್ಟು ಜೋರು ಕೇಳಿರಲಿಲ್ಲ. ಮಾಟಿ ರದ್ವಾನನನ್ನು ತಬ್ಬಿಕೊಂಡ. ತಬ್ಬಿಕೊಂಡ ಮೇಲೆ ಯಾರನ್ನು ತಬ್ಬಿದೆನೆಂದು ತಿಳಿದು ಪೆಚ್ಚಾದ. ಆದರೆ ಅವನ ಅಕ್ಕ ತಾಮೂ ಅಷ್ಟರಲ್ಲಿ ಅಡ್ಡ ಬಂದಳು.

"ಯಾಕೆ ಬಿಡ್ತೀಯ? ಹಿಡ್ಕೋ. ಇಡೀ ಊರನ್ನ ನೋಡಿ ಕುದುರೆಗೆ ಹೊಟ್ಟೆ ನೋಯ್ತು. ನಿನ್ನ ನೋಡಿ ನೋಯ್ತು, ಕಾಯಿದ್ ಸಾಹೇಬ್ರನ್ನ ನೋಡಿ ನೋಯ್ತು. ಈ ಹುಡುಗನ ಮುಂದೆ ಮಾತ್ರ ಆರಾಮಾಗಿ ಹುಲ್ಲು ತಿಂತು. ಇವನ ಕಾಲ್ಗುಣಕ್ಕಿಂತ ಒಳ್ಳೆ ಕಾಲ್ಗುಣ ಎಲ್ಲಿ ಹುಡುಕ್ತೀಯ?"

ಇದು ಮೊಕದ್ದಮನ ತರ್ಕಕ್ಕಿಂತ ಹೆಚ್ಚು ಸರಿಯಾದದ್ದೇನಲ್ಲ. ಆದರೆ ನಮ್ಮೂರಿಗೆ ಒಂದು ತರ್ಕ ಹೋದ ಜಾಗದಲ್ಲಿ ಇನ್ನೊಂದು ತರ್ಕ ಬೇಕು. ಅಲ್ಲೇ ಬೀದಿಯಲ್ಲಿ, ಕಾಯಿದರ ಸಮ್ಮುಖದಲ್ಲಿ, ಮದುವೆ ಮತ್ತೆ ಗೊತ್ತಾಯಿತು. ಹಸ್ನಾ ರದ್ವಾನನ ಅಂಗಿಯ ಹರಿದ ಮೊಣಕೈ ನೋಡಿ, "ಅದನ್ನ ಬಿಚ್ಚಿ ಕೊಡು, ಹೊಲೀತೀನಿ" ಎಂದಳು ಅಷ್ಟೇ.

ಬೂಶ್ತಾ ಮಾರನೆಯ ದಿನ ಹಳೆಯ ಕಂದು ಅಂಗಿಯಲ್ಲಿ ಬಾಣಲೆಯ ಮುಂದೆ ನಿಂತ. "ಏ ಬೂಶ್ತಾ" ಎಂದರೆ ತಕ್ಷಣ ತಿರುಗಿದ. ಯಾಕೂತನಿಗೆ ಜವೆಗೋಧಿ, ಒಣಹುಲ್ಲು, ನೀರು ಬಿಟ್ಟು ಬೇರೇನೂ ಇಲ್ಲ. ಸಂಜೆ ಅವನು ಅದನ್ನು ಬಯಲಿಗೆ ಕರೆದುಕೊಂಡು ಹೋಗುತ್ತಿದ್ದ, ಹಗ್ಗ ಹಿಡಿದು, ಪಕ್ಕದಲ್ಲಿ ನಡೆದೇ. ಕುದುರೆಯ ಮೈ ಮಿಂಚತೊಡಗಿತು. ಸ್ವಲ್ಪ ದಿನಕ್ಕೆ ಬಾಗುವುದು ಪೂರ್ತಿ ನಿಂತಿತು. ಬೆಳಿಗ್ಗೆ ಅವನು ಬಾಗಿಲು ತೆಗೆದರೆ ಅದು ಕಿವಿ ನಿಮಿರಿಸಿ ನೇರ ನಿಂತ ಹಾಗೇ ಅವನ ಹೆಗಲಿಗೆ ಮೂಗು ತಿಕ್ಕುತ್ತಿತ್ತು.

ಮದುವೆಯ ವಾರವೇ ದೂರದ ಪಟ್ಟಣದಿಂದ ಒಬ್ಬ ಜವಳಿ ವ್ಯಾಪಾರಿ ಹೆಂಡತಿಯೊಡನೆ ಕಾರಿನಲ್ಲಿ ಬಂದಿಳಿದ. ಸಲಾಮು ಮಾಡುವ ಕುದುರೆಯ ಸುದ್ದಿ ಅವನಿಗೆ ತಡವಾಗಿ ಮುಟ್ಟಿತ್ತು. ಬೂಶ್ತಾ ಬಾಣಲೆ ಇಳಿಸಿ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ. ನಾನೂ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹಿಂದೆ ಹೋದೆ. ಯಾಕೂತ್ ಕತ್ತೆತ್ತಿ ನಿಂತಿತ್ತು. ವ್ಯಾಪಾರಿ ಹತ್ತಿರ ಹೋದ, ದೂರ ಬಂದ, ಕೆಮ್ಮಿದ. ಕುದುರೆ ಅವನನ್ನು ನೋಡಿ ಹುಲ್ಲು ಅಗಿಯಿತು.

"ಇದು ಬಾಗೋದೇ ಇಲ್ವಲ್ಲ?" ಎಂದ ವ್ಯಾಪಾರಿ.

ಬೂಶ್ತಾ ಎದೆ ಸೆಟೆಸಿ ನಿಂತ.

"ಇಲ್ಲ" ಎಂದ. "ನಮ್ಮ ಮನೇಲಿ ಇದು ಯಾರಿಗೂ ಬಾಗಲ್ಲ. ಕಾಯಿದ್ ಸಾಹೇಬರೇ ಖುದ್ದಾಗಿ ಬಂದು ಇದರ ಹಗ್ಗ ಹಿಡಿದು ನಡೆಸಿದಾರೆ."

ವ್ಯಾಪಾರಿ ಬೆರಗಾಗಿ ಹೆಂಡತಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಟೋಪಿ ತೆಗೆದು, ಕುದುರೆಗೆ ತಾನೇ ಬಾಗಿದ.